ನಮ್ಮನೆಯವರ ಕಣ್ಣಿನ ಕಾಯಿಲೆ

ಸುಳ್ಳು ಹೇಳುವುದರಲ್ಲಿ ನಾನು ತೀರಾ ಹೊಸಬಳೇನಲ್ಲ. ಶಾಲೆಯಲ್ಲಿ ಮಕ್ಕಳನ್ನು ಓಡಿಸಿ ಕುಣಿಸುವ ಕೆಲಸದವಳಿಗೆ ದಿನಕ್ಕೆ ಎರಡಾದರೂ ಸಣ್ಣ ಸುಳ್ಳುಗಳು ಬೇಕಾಗುತ್ತವೆ. ಮಳೆ ಬರುವ ಹಾಗಿದೆ ಎಂದು ಪಿರಿಯಡ್ಡನ್ನು ಐದು ನಿಮಿಷ ಮೊದಲೇ ಮುಗಿಸುವುದು, ಕೊನೆಯಲ್ಲಿ ಏದುಸಿರು ಬಿಡುತ್ತ ಬಂದವಳ ಬೆನ್ನು ತಟ್ಟಿ ಚೆನ್ನಾಗಿಯೇ ಓಡಿದೆ ಎನ್ನುವುದು, ಇಂಥವನ್ನೆಲ್ಲ ಯಾರೂ ಪಾಪವೆಂದು ಬರೆದಿಡುವುದಿಲ್ಲ. ಆದರೆ ನನ್ನ ಬಾಯಿಂದ ಬಂದ ಒಂದೇ ಒಂದು ಸುಳ್ಳು ಮಾತ್ರ ನನ್ನ ಕೈಮೀರಿ ಬೆಳೆಯಿತು. ಆರು ಅಡಿ ಎತ್ತರದ, ದಪ್ಪ ಮೀಸೆಯ, ಜ್ವರವೆಂದು ಒಂದು ದಿನವೂ ಮಲಗಿ ಗೊತ್ತಿಲ್ಲದ ನನ್ನ ಗಂಡನಿಗೆ ನಾನು ಒಂದು ಕಾಯಿಲೆ ಅಂಟಿಸಿದೆ. ಅದೂ ಒಂಬತ್ತು ಜನ ಹೊಸಬರ ಎದುರಿಗೆ, ಕೈಯಲ್ಲಿ ಕೇಸರಿಬಾತಿನ ತಟ್ಟೆ ಹಿಡಿದುಕೊಂಡು. ಯಾಕೆ ಹಾಗೆ ಮಾಡಿದೆ ಎಂದು ಹೇಳಬೇಕಾದರೆ ಮೊದಲು ನನ್ನ ಗಂಟಲಿನ ಸಂಗತಿಯನ್ನೂ ಆಮೇಲೆ ಅವರ ಕಣ್ಣಿನ ಸಂಗತಿಯನ್ನೂ ಹೇಳಬೇಕು.

ನನ್ನ ಗಂಟಲು ದೊಡ್ಡದು. ಆರ್.ಟಿ. ನಗರದ ಒಂದು ಶಾಲೆಯಲ್ಲಿ ನಾನು ಪಿ.ಟಿ. ಮೇಡಂ. ಮೈದಾನದ ಈ ತುದಿಯಲ್ಲಿ ನಿಂತು ಆ ತುದಿಯಲ್ಲಿರುವವರ ಹೆಸರು ಹಿಡಿದು ಕರೆಯುವುದಕ್ಕೆ ನನಗೆ ಮೈಕು ಬೇಕಾಗಿಲ್ಲ. ನಗುವೂ ಅದೇ ಅಳತೆಯದು. ನಾನು ನಕ್ಕರೆ ಅಡುಗೆಮನೆಯ ಕುಕ್ಕರು ಎಷ್ಟು ಸಲ ಕೂಗಿತೆಂಬುದು ತಪ್ಪಿಹೋಗುತ್ತದೆ ಎಂದು ನನ್ನ ನಾದಿನಿ ಭಾಗ್ಯ ಹೇಳುತ್ತಾಳೆ. ಗಂಗಾನಗರದ ನಮ್ಮ ರಸ್ತೆಯಲ್ಲಿ ಈ ಗಂಟಲಿಗೆ ಇರುವ ಗೌರವ ಬಹಳ ವಿಚಿತ್ರವಾದದ್ದು. ಬೇಸಿಗೆಯಲ್ಲಿ ನೀರಿನ ಟ್ಯಾಂಕರಿನವನು ನಮ್ಮ ಸರದಿ ಬಿಟ್ಟು ಮುಂದೆ ಹೋದನೆಂದರೆ ಅಕ್ಕಪಕ್ಕದವರೆಲ್ಲ ನಮ್ಮ ಬಾಗಿಲಿಗೆ ಬರುತ್ತಾರೆ. ಗಂಡಸರು ಗೇಟಿನ ಒಳಗೇ ನಿಂತು ಪಂಚೆ ಸರಿಮಾಡಿಕೊಳ್ಳುತ್ತಿರುತ್ತಾರೆ. ನಮ್ಮತ್ತೆ ನನ್ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳುತ್ತಾರೆ. ಅತ್ತೆ ಚಿಕ್ಕಜಾಲದವರು, ಮಾತೂ ಆ ಕಡೆಯದೇ. "ಓಗವ್ವ, ನೀನ್ ಬಾಯ್ ಬುಟ್ರೇನೇ ಅವ್ನು ನಿಲ್ಸಾದು" ಎನ್ನುತ್ತಾರೆ. ನಾನು ಬಾಯಿ ಬಿಡುತ್ತೇನೆ, ಟ್ಯಾಂಕರು ಹಿಂದಕ್ಕೆ ಬರುತ್ತದೆ, ನನ್ನನ್ನು ಗಂಡುಬೀರಿ ಎಂದು ಎಲ್ಲರೂ ಮೆಚ್ಚಿಕೊಂಡು ಕೊಡ ತುಂಬಿಸಿಕೊಳ್ಳುತ್ತಾರೆ. ಅದೇ ದಿನ ಸಂಜೆ ಮನೆಗೆ ನೆಂಟರು ಬಂದು, ಯಾರೋ ಏನೋ ಹೇಳಿ, ನಾನು ನಕ್ಕೆನೆಂದರೆ ಅದೇ ಅತ್ತೆ ಹುಬ್ಬು ಮೇಲೆತ್ತಿ, ಬೆರಳಿನಿಂದ ರೇಡಿಯೋದ ಸದ್ದು ಕಡಿಮೆ ಮಾಡುವ ಹಾಗೆ ಸನ್ನೆ ಮಾಡುತ್ತಾರೆ. ಹೆಂಗಸು ಹಾಗೆಲ್ಲ ನಗಬಾರದಂತೆ. ಹಗಲೆಲ್ಲ ಬೈಯಬಹುದು, ಸಂಜೆ ನಗಬಾರದು.

ಶಾಲೆಯಲ್ಲೂ ಇದೇ ಕಥೆ. ಮಂಜುಳಾ ಮೇಡಂ ಇಬ್ಬರು ಗಂಡಸರಿಗೆ ಸಮ ಎಂದು ನಮ್ಮ ಹೆಡ್‌ಮಾಸ್ಟರು ಸಿಕ್ಕವರಿಗೆಲ್ಲ ಹೇಳುತ್ತಾರೆ. ಇದು ಹೊಗಳಿಕೆ ಎಂದೇ ನಾನು ಬಹಳ ವರ್ಷ ನಂಬಿದ್ದೆ. ಇಬ್ಬರು ಗಂಡಸರ ಕೆಲಸ ಒಬ್ಬಳಿಂದ ಆಗುತ್ತಿದೆ ಎಂಬುದಕ್ಕೆ ಅದು ಇನ್ನೊಂದು ಹೆಸರೆಂದು ಆಮೇಲೆ ಹೊಳೆಯಿತು. ಕ್ರೀಡಾದಿನಕ್ಕೆ ಟ್ರ್ಯಾಕಿಗೆ ಸುಣ್ಣ ಹಾಕಿಸುವುದರಿಂದ ಹಿಡಿದು ಪೆಂಡಾಲಿನವನ ಹತ್ತಿರ ಜಗಳವಾಡುವ ತನಕ ಎಲ್ಲವೂ ನನ್ನದೇ. ಮುಖ್ಯ ಅತಿಥಿಗಳು ವೇದಿಕೆ ಹತ್ತಿದ ಮೇಲೆ ಮಾತ್ರ ಹೆಡ್‌ಮಾಸ್ಟರು ನನ್ನ ಕಡೆ ತಿರುಗಿ ಬಹಳ ಮೃದುವಾಗಿ, ಮೇಡಂ ನೀವು ರೇಷ್ಮೆ ಸೀರೆ ಉಟ್ಟುಕೊಂಡು ಬಂದು ಹಾರದ ತಟ್ಟೆ ಹಿಡಿದುಕೊಳ್ಳಿ, ಲಕ್ಷಣವಾಗಿರುತ್ತದೆ ಎನ್ನುತ್ತಾರೆ. ನಾನು ಹಿಡಿದುಕೊಂಡೂ ಇದ್ದೇನೆ. ಲಕ್ಷಣವಾಗಿಯೇ ಇತ್ತೆಂದು ಫೋಟೋ ನೋಡಿದವರು ಹೇಳಿದ್ದಾರೆ.

ಇನ್ನು ನಮ್ಮನೆಯವರ ಕಣ್ಣು. ಅವರ ಹೆಸರು ಮುನಿರಾಜು. ಯಶವಂತಪುರದ ಹತ್ತಿರ ಒಂದು ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರು. ಹರೆಯದಲ್ಲಿ ಕಬಡ್ಡಿ ಆಡಿದ ಮೈ. ದಾರಿಯಲ್ಲಿ ನಡೆದು ಬರುತ್ತಿದ್ದರೆ ನಾಯಿಗಳು ಕೂಡ ಪಕ್ಕಕ್ಕೆ ಸರಿಯುತ್ತವೆ. ಇಂಥ ಮನುಷ್ಯನಿಗೆ ಅಳು ಬಹಳ ಬೇಗ ಬರುತ್ತದೆ. ದುಃಖಕ್ಕೆ ಅಂತಲ್ಲ, ದುಃಖಕ್ಕೆ ಅವರು ಬೇಕಾದಷ್ಟು ಗಟ್ಟಿ. ಯಾರಾದರೂ ಯಾರಿಗಾದರೂ ಒಳ್ಳೆಯದು ಮಾಡಿದ್ದನ್ನು ಕೇಳಿದರೆ ತಡೆಯಲಾರರು. ಮದುವೆಮನೆಗೆ ಊಟಕ್ಕೆ ಹೋಗಿ, ಗುರುತೇ ಇಲ್ಲದ ಹೆಣ್ಣನ್ನು ಗಂಡನ ಮನೆಗೆ ಕಳಿಸುವುದನ್ನು ನೋಡಿ, ಎಲೆ ಅಡಿಕೆ ಕೈಯಲ್ಲಿ ಹಿಡಿದುಕೊಂಡು ಕಂಬದ ಮರೆಯಲ್ಲಿ ಅತ್ತವರು ಅವರು. ಒಂದು ಸಲ ವಾಷಿಂಗ್ ಮಷೀನು ತರಲು ಹೋಗಿದ್ದೆವು. ಅಂಗಡಿಯವನು ಮಾತಿನ ಭರದಲ್ಲಿ, ತನ್ನ ತಾಯಿ ಊರವರ ಬಟ್ಟೆ ಒಗೆದು ತನ್ನನ್ನು ಓದಿಸಿದಳೆಂದೂ ಚಳಿಗಾಲದಲ್ಲಿ ಅವಳ ಕೈ ಬಿರಿಯುತ್ತಿತ್ತೆಂದೂ ಹೇಳಿದ. ಇವರ ಕಣ್ಣು ತುಂಬಿತು. ನಾವು ನಾಲ್ವರಿದ್ದ ಮನೆಗೆ ಹತ್ತು ಜನರ ಬಟ್ಟೆ ಹಿಡಿಸುವ ಮಷೀನು ಬಂತು.

ನಮ್ಮ ರಸ್ತೆಯ ಹೆಂಗಸರಿಗೆ ಇದು ಗೊತ್ತು. ಅವರ ಅಭಿಪ್ರಾಯವೂ ನನ್ನ ಗಂಟಲಿನ ಬಗ್ಗೆ ಇರುವಷ್ಟೇ ವಿಚಿತ್ರ. ಮುನಿರಾಜಣ್ಣಂದು ಬಂಗಾರದಂಥ ಮನಸ್ಸು, ನೀನು ಪುಣ್ಯ ಮಾಡಿದ್ದೆ ಎಂದು ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತ ಹೇಳುತ್ತಾರೆ. ಹಾಗಾದರೆ ನಿಮ್ಮ ಮಗನೂ ಹೀಗೇ ಆಗಲಿ ಎಂದರೆ ಮಾತ್ರ ಗಾಬರಿಯಾಗಿ, ಅಯ್ಯೋ ಬಿಡ್ತು ಅನ್ನು, ಗಂಡುಮಗ ಗಂಡುಮಗನ ಥರ ಇರಬೇಕಮ್ಮ ಎನ್ನುತ್ತಾರೆ. ನಮಗೆ ಮಕ್ಕಳಿಲ್ಲ. ಅದಕ್ಕೆ ಕಾರಣ ಕೇಳುವುದು ನನ್ನನ್ನು, ಮರುಕ ತೋರಿಸುವುದು ನಮ್ಮನೆಯವರಿಗೆ. ಅದನ್ನೂ ಅವರ ಮುಂದೆ ತೋರಿಸಿದರೆ ಅತ್ತುಬಿಡುತ್ತಾರೆಂದು ನನ್ನ ಕೈಯಲ್ಲೇ ಕೊಟ್ಟು ಕಳಿಸುತ್ತಾರೆ.

ಒಂದೇ ಒಂದು ಸಲ ಅವರು ಅಳಬೇಕಾದಲ್ಲಿ ಅಳಲಿಲ್ಲವಂತೆ. ಮಾವನವರು ತೀರಿಕೊಂಡಾಗ ಇವರಿಗೆ ಇಪ್ಪತ್ತಮೂರು, ತಂಗಿ ಭಾಗ್ಯಳಿಗೆ ಒಂಬತ್ತು. ಚಿಕ್ಕಪ್ಪಂದಿರು ಬಂದು ಭುಜ ಹಿಡಿದು, ಇನ್ನು ಮೇಲೆ ಮನೆಗೆ ನೀನೇ ಗಂಡಸು, ನೀನು ಅತ್ತರೆ ಅವರನ್ನು ಯಾರು ನೋಡುತ್ತಾರೆ ಎಂದರಂತೆ. ಮೂರು ದಿನ ಒಣಗಣ್ಣಿನಲ್ಲಿ ಕೂತಿದ್ದು ಕೆಲಸಕ್ಕೆ ಹೋಗಿ, ಏಣಿ ಹತ್ತಿ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತ ಮೇಲೆ ಅತ್ತರಂತೆ. ಮದುವೆಯಾದ ಹೊಸದರಲ್ಲಿ ಇದನ್ನು ನನಗೆ ಹೇಳಿದಾಗ, ಆ ಕೆಲಸದಲ್ಲಿ ತನಗೆ ಇಷ್ಟವಾದದ್ದೇ ಅದು, ಕೆಳಗಿನಿಂದ ಯಾರಿಗೂ ಮುಖ ಕಾಣುವುದಿಲ್ಲ ಎಂದಿದ್ದರು.

ಆ ಭಾಗ್ಯ ಬೆಳೆದು, ಓದಿ, ಹೆಬ್ಬಾಳದ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ತುಮಕೂರು ರಸ್ತೆಯ ಮೇಲೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ಅತ್ತೆಯ ದೂರದ ತಮ್ಮ ಪಾಪಣ್ಣ ಎನ್ನುವವರು ಆ ಧೂಳಿನಲ್ಲೇ ಓಡಾಡಿ ಮಾಕಳಿಯಿಂದ ಒಂದು ಸಂಬಂಧ ತಂದರು. ಹುಡುಗನ ಹೆಸರು ಲೋಕೇಶ, ನಾಗಸಂದ್ರದ ಕಡೆ ಒಂದು ಕಂಪನಿಯಲ್ಲಿ ಸೂಪರ್‌ವೈಸರು. ಹುಡುಗನಿಗಿಂತ ಅವನ ತಂದೆ ಹನುಮಂತರಾಯಪ್ಪನವರ ಬಗ್ಗೆಯೇ ಪಾಪಣ್ಣ ಹೆಚ್ಚು ಹೇಳಿದರು. ಬಹಳ ಶಿಸ್ತಿನ ಮನುಷ್ಯ, ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ, ಕಟ್ಟುನಿಟ್ಟಾದ ಮನೆತನವನ್ನೇ ಹುಡುಕುತ್ತಿದ್ದಾರೆ, ಇತ್ಯಾದಿ. ಇದನ್ನು ಕೇಳಿ, ಹುಡುಗನ ಕಡೆಯವರು ಬರುವ ಹಿಂದಿನ ದಿನ ಅತ್ತೆ ಒಂದು ಸಭೆ ಕರೆದರು. ಸಭೆಯ ತೀರ್ಮಾನ ಎರಡೇ. ನಾನು ಬಾಯಿ ಮುಚ್ಚಿಕೊಂಡು ನಗಬೇಕು. ನಮ್ಮನೆಯವರು ಅಳಬಾರದು. ಇಬ್ಬರೂ ಒಪ್ಪಿಕೊಂಡೆವು. ತನ್ನ ಪಾಡಿಗೆ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದ ಭಾಗ್ಯ ತಲೆಯೆತ್ತದೆ, "ಅವ್ರು ನೋಡೋಕ್ ಬರ್ತಿರೋದು ನನ್ನನ್ನಾ, ನಿಮ್ಮಿಬ್ರನ್ನಾ?" ಎಂದು ಕೇಳಿದಳು.

ಭಾನುವಾರ ಬೆಳಿಗ್ಗೆ ಒಂದು ವ್ಯಾನಿನಲ್ಲಿ ಒಂಬತ್ತು ಜನ ಬಂದರು. ಹನುಮಂತರಾಯಪ್ಪನವರು ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಎರಡೂ ಕೈಯನ್ನು ಮಂಡಿಯ ಮೇಲಿಟ್ಟು ಕೂತರು. ಅವರ ಹೆಂಡತಿ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತರು. ಒಂದು ಮಾತೂ ಆಡಲಿಲ್ಲ. ಹುಡುಗ ಒಳ್ಳೆಯವನ ಹಾಗೆ ಕಂಡ, ತಂದೆಯ ಕಡೆ ನೋಡಿಯೇ ಬೋಂಡ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಹುಡುಗ ಹುಡುಗಿ ಮಹಡಿಗೆ ಹೋಗಿ ಮಾತಾಡಿಕೊಂಡು ಬಂದರು, ಫೋನ್ ನಂಬರನ್ನೂ ಕೊಟ್ಟುಕೊಂಡರಂತೆ. ಎಲ್ಲ ಸರಿಯಾಗಿ ನಡೆಯುತ್ತಿತ್ತು. ನಾನು ತುಟಿಯಲ್ಲೇ ನಕ್ಕು ನಕ್ಕು ದವಡೆ ನೋವು ಬಂದಿತ್ತು. ಅಷ್ಟರಲ್ಲಿ ಹನುಮಂತರಾಯಪ್ಪನವರು, ಹೊರಗೆ ನಿಂತಿರುವ ಸ್ಕೂಟರು ಯಾರದು ಎಂದು ಕೇಳಿದರು. ಭಾಗ್ಯ ತನ್ನದೆಂದಳು. ಹೆಣ್ಣುಮಗಳು ಈ ಟ್ರಾಫಿಕ್ಕಿನಲ್ಲಿ ಓಡಿಸುತ್ತೀಯಲ್ಲ, ಯಾರು ಕಲಿಸಿದರು ಎಂದು ಅವರು ಮತ್ತೆ ಕೇಳಿದರು.

ಭಾಗ್ಯ ಹೇಳಿದಳು. ಅಣ್ಣ ಕಲಿಸಿದ್ದು. ಒಂದು ವಾರ ಬೆಳಿಗ್ಗೆ ಬೆಳಿಗ್ಗೆ ಹಿಂದಿನ ಹಿಡಿಕೆ ಹಿಡಿದುಕೊಂಡು ಓಡಿದ. ಬಿಟ್ಟುಬಿಡು ನಾನು ಹೋಗುತ್ತೇನೆ ಎಂದರೆ ಬಿಡುತ್ತಿರಲಿಲ್ಲ. ಎಂಟನೆಯ ದಿನ ಚಪ್ಪಲಿಯ ಉಂಗುಟ ಕಿತ್ತುಹೋಗಿ ನಿಂತುಬಿಟ್ಟ. ನಾನು ಅವನು ಹಿಡಿದಿದ್ದಾನೆ ಎಂದುಕೊಂಡೇ ಮುಖ್ಯರಸ್ತೆಯ ತನಕ ಹೋಗಿದ್ದೆ. ತಿರುಗಿ ನೋಡಿದರೆ ಅವನು ಬಹಳ ದೂರದಲ್ಲಿ, ಒಂದು ಕಾಲಿನಲ್ಲಿ ನಿಂತು ಕೈ ಬೀಸುತ್ತಿದ್ದ.

ಅವಳು ಇದನ್ನು ತಮಾಷೆಯಾಗಿಯೇ ಹೇಳಿದ್ದು. ನಾನು ಮೆಲ್ಲಗೆ ನಮ್ಮನೆಯವರ ಕಡೆ ನೋಡಿದೆ. ಆಗಲೇ ಕೈಮೀರಿತ್ತು. ಎರಡೂ ಕಣ್ಣಿನಿಂದ ನೀರು ಮೀಸೆಯ ತನಕ ಬಂದು ಅಲ್ಲಿಂದ ಗಲ್ಲಕ್ಕೆ ಇಳಿಯುತ್ತಿತ್ತು. ಒಂಬತ್ತು ಜನ ತಿನ್ನುವುದನ್ನು ನಿಲ್ಲಿಸಿದರು. ಹನುಮಂತರಾಯಪ್ಪನವರ ಹುಬ್ಬು ಗಂಟಾಯಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ಆ ಕ್ಷಣದಲ್ಲಿ ನನ್ನ ಬಾಯಿಂದ ತಾನಾಗಿಯೇ ಹೊರಟಿತು:

"ಅವ್ರ ಕಣ್ಣಿಗೆ ಸ್ವಲ್ಪ ತೊಂದ್ರೆ ಇದೆ. ಸುಮ್ಮಸುಮ್ಮನೆ ನೀರು ಸುರೀತಾ ಇರುತ್ತೆ."

ನಮ್ಮನೆಯವರು ನನ್ನನ್ನೊಮ್ಮೆ ನೋಡಿ, ಕರ್ಚೀಫು ತೆಗೆದು ಒರೆಸಿಕೊಂಡು, ಹೂಂ ಎಂದರು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಯಾವಾಗಿನಿಂದ ಎಂದು ಹನುಮಂತರಾಯಪ್ಪನವರು ಕೇಳಿದರು. ಚಿಕ್ಕಂದಿನಿಂದ ಎಂದೆ. ಔಷಧಿ ಎಂದರು. ಡ್ರಾಪ್ಸ್ ಹಾಕುತ್ತಾರೆ ಎಂದೆ. ಇಷ್ಟು ಹೊತ್ತಿಗೆ ಅತ್ತೆ ಕಣ್ಣು ಬಿಟ್ಟಿದ್ದರು. ಸೊಸೆ ಒಬ್ಬಳೇ ಹೆಣಗುತ್ತಿರುವುದನ್ನು ನೋಡಿ ಅವರಿಗೆ ಕನಿಕರ ಬಂತೆಂದು ಕಾಣುತ್ತದೆ. ನನ್ನ ಸಹಾಯಕ್ಕೆ ಬಂದರು.

"ಅವ್ರಪ್ಪಂಗೂ ಇಂಗೇ ಇತ್ತು ಕಣ್ರಪ್ಪ" ಎಂದರು. "ಅವ್ರ ತಾತಂಗೂ ಇತ್ತಂತೆ."

ಅವರು ಹೋದ ಮೇಲೆ ಮನೆಯಲ್ಲಿ ನನ್ನ ಸಮಯಸ್ಫೂರ್ತಿಯದೇ ಮಾತು. ನಾನೂ ಬೀಗಿದೆ. ಮನೆಯ ಮಾನ ಉಳಿಯಿತು, ಗಂಡನ ಮರ್ಯಾದೆಯೂ ಉಳಿಯಿತು. ಭಾಗ್ಯ ಮಾತ್ರ, ಅತ್ತಿಗೆ ಇದು ಚೆನ್ನಾಗಿಲ್ಲ ಎಂದಳು. ನಮ್ಮನೆಯವರು ತಟ್ಟೆಗಳನ್ನು ಎತ್ತಿ ತೊಳೆಯಲು ಹಾಕಿದರು. ಅವರು ತಟ್ಟೆ ತೊಳೆಯುವುದನ್ನು ಕಿಟಕಿಯಿಂದ ನೋಡಿದ ಪಕ್ಕದ ಮನೆಯವರು ಎಂದಿನಂತೆ, ಎಂಥಾ ಗಂಡಪ್ಪಾ ಎಂದರು. ಅದಕ್ಕೂ ಮೊದಲು ಅಷ್ಟು ತಟ್ಟೆಗಳಿಗೆ ಬೇಕಾದ್ದನ್ನು ಬೆಳಗಿನ ಜಾವ ಎದ್ದು ಬೇಯಿಸಿದವಳಿಗೆ ಯಾರೂ ಏನೂ ಹೇಳಲಿಲ್ಲ. ಅದು ಈಗಿನ ಮಾತಲ್ಲ, ಬಿಡಿ.

ಒಂದು ವಾರ ಮಾಕಳಿಯಿಂದ ಸುದ್ದಿಯಿಲ್ಲ. ಆಮೇಲೆ ಪಾಪಣ್ಣ ಬಂದು, ಕಾಫಿಯನ್ನೂ ಮುಟ್ಟದೆ ವಿಷಯ ಹೇಳಿದರು. ಹುಡುಗಿ ಒಪ್ಪಿಗೆ, ಜಾತಕ ಒಪ್ಪಿಗೆ. ಆದರೆ ತಾತ, ಅಪ್ಪ, ಮಗ ಎಂದು ಮೂರು ತಲೆಮಾರಿನಿಂದ ಬಂದ ಕಣ್ಣಿನ ಕಾಯಿಲೆ ಹುಡುಗಿಗೂ ಬಂದರೆ, ನಾಳೆ ಅವಳ ಮಕ್ಕಳಿಗೂ ಬಂದರೆ? ಯಜಮಾನರು ಕಣ್ಣಿನ ಡಾಕ್ಟರ ಸರ್ಟಿಫಿಕೇಟು ಕೇಳುತ್ತಿದ್ದಾರೆ. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಕಾಯಿಲೆಯನ್ನು ಹುಟ್ಟಿಸಿದವಳು ನಾನಾದರೂ ಅದನ್ನು ತಾತನ ತನಕ ಬೆಳೆಸಿದವರು ಅವರೇ ಎಂದು ನನ್ನ ಮನಸ್ಸಿನಲ್ಲಿತ್ತು. ಅವರ ಮನಸ್ಸಿನಲ್ಲಿ ಇದ್ದದ್ದು ಬೇರೆ ಇರಬೇಕು.

ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಹನುಮಂತರಾಯಪ್ಪನವರು ವಿಚಾರಣೆಯಲ್ಲಿ ಅರೆಮನಸ್ಸಿನವರಲ್ಲ. ಯಾರನ್ನೋ ಹಿಡಿದು ನಮ್ಮನೆಯವರ ಕಾರ್ಖಾನೆಯಲ್ಲೂ ವಿಚಾರಿಸಿದರು, ನಿಮ್ಮ ಮುನಿರಾಜು ಅವರ ಕಣ್ಣು ಈಗ ಹೇಗಿದೆ ಎಂದು. ಕ್ರೇನು ನಡೆಸುವವನ ಕಣ್ಣಿಗೆ ಏನೋ ಆಗಿದೆ ಎಂಬ ಮಾತು ಕೇಳಿ ಅಲ್ಲಿನವರ ಎದೆ ಒಡೆದುಹೋಯಿತು. ಅವರದೂ ತಪ್ಪಲ್ಲ. ಕೆಳಗೆ ಐವತ್ತು ಜನ ಕೆಲಸ ಮಾಡುವಾಗ ತಲೆಯ ಮೇಲೆ ಟನ್ನುಗಟ್ಟಲೆ ಕಬ್ಬಿಣ ತೂಗುತ್ತಿರುತ್ತದೆ. ಡಾಕ್ಟರ ರಿಪೋರ್ಟು ಬರುವ ತನಕ ಹತ್ತಬೇಡ ಎಂದು ಇವರನ್ನು ಕೆಳಕ್ಕೆ ಇಳಿಸಿ, ಗೇಟಿನ ಹತ್ತಿರ ಪಾಸು ಬರೆಯುವುದಕ್ಕೆ ಕೂರಿಸಿದರು. ಹದಿನೆಂಟು ವರ್ಷ ಮೇಲೆ ಕೂತು ಕೆಲಸ ಮಾಡಿದವರು. ಸಂಜೆ ಮನೆಗೆ ಬಂದು, ಶೂ ಬಿಚ್ಚುತ್ತ, ಇವತ್ತಿನಿಂದ ಕೆಳಗಡೆ ಕೆಲಸ ಎಂದರು. ಏನಾಯಿತೆಂದು ಕೇಳಿದರೆ ಎಲ್ಲವನ್ನೂ ಹೇಳಿದರು. ಅವರ ಕಣ್ಣಿನಲ್ಲಿ ಒಂದು ಹನಿ ನೀರಿರಲಿಲ್ಲ. ಅವರು ಎಷ್ಟೋ ಸಲ ಅತ್ತದ್ದನ್ನು ನೋಡಿ ನನಗೆ ಮುಜುಗರವಾಗಿದೆ. ಆವತ್ತು ಅಳದೆ ಕೂತದ್ದನ್ನು ನೋಡಿ ಭಯವಾಯಿತು.

ಮಾರನೆಯ ದಿನವೇ ಕಣ್ಣಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಲೈಟು ಬಿಟ್ಟು ನೋಡಿದರು, ಔಷಧಿ ಹಾಕಿ ನೋಡಿದರು, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಎಲ್ಲಕ್ಕಿಂತ ಕೆಳಗಿನ ಸಾಲನ್ನೂ ಇವರು ಗಡಗಡ ಓದಿದರು. ಇಷ್ಟು ಒಳ್ಳೆಯ ಕಣ್ಣು ಈ ವಯಸ್ಸಿನಲ್ಲಿ ಅಪರೂಪ, ನೀರು ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಇವರು, ನಮ್ಮ ತಂಗಿಯ ಮದುವೆಯ ಮಾತು ಬಂದಾಗ ಮೇಡಂ ಎಂದರು. ಡಾಕ್ಟರು ಪೆನ್ನು ಕೆಳಗಿಟ್ಟು ಇವರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಇದಕ್ಕೆ ನಮ್ಮಲ್ಲಿ ಔಷಧಿಯಿಲ್ಲ ಎಂದಷ್ಟೇ ಹೇಳಿ, ಕಣ್ಣಿನಲ್ಲಿ ಯಾವ ದೋಷವೂ ಇಲ್ಲವೆಂದು ಬರೆದು ಸಹಿ ಹಾಕಿ ಕೊಟ್ಟರು.

ಆ ಕಾಗದ ತೋರಿಸಿದ ಮೇಲೆ ಕಾರ್ಖಾನೆಯವರು ಇವರನ್ನು ಮತ್ತೆ ಕ್ರೇನು ಹತ್ತಿಸಿದರು. ನಾನು ಉಸಿರು ಬಿಟ್ಟೆ. ಅದರ ಜೆರಾಕ್ಸನ್ನು ಪಾಪಣ್ಣ ಮಾಕಳಿಗೆ ಒಯ್ದರು. ಎರಡೇ ದಿನಕ್ಕೆ ಅಲ್ಲಿಂದ ಮರುಪ್ರಶ್ನೆ ಬಂತು. ಕಣ್ಣು ಇಷ್ಟು ಚೆನ್ನಾಗಿದ್ದರೆ ಅವತ್ತು ಸುರಿದದ್ದು ಏನು? ಡಾಕ್ಟರು ಸುಳ್ಳು ಹೇಳುತ್ತಿದ್ದಾರೋ, ಹುಡುಗಿಯ ಮನೆಯವರೋ? ಇನ್ನೂ ಏನೇನು ಮುಚ್ಚಿಟ್ಟಿದ್ದಾರೆ?

ನಾನು ಸುಲಭವಾಗಿ ಸೋಲುವವಳಲ್ಲ. ಅಲರ್ಜಿ ಎಂದು ಹೇಳೋಣ, ಎಲ್ಲ ಕಡೆಯೂ ಮೇಲ್ಸೇತುವೆ ಕಟ್ಟುತ್ತಿದ್ದಾರೆ, ಹೆಬ್ಬಾಳದ ಧೂಳು ಯಾರ ಕಣ್ಣಿಗೆ ಬಿದ್ದಿಲ್ಲ, ಧೂಳು ವಂಶದಿಂದ ಬರುವುದೂ ಇಲ್ಲ ಎಂದು ಊಟಕ್ಕೆ ಕೂತಾಗ ಒಂದು ಹೊಸ ದಾರಿ ಹೇಳಿದೆ. ಅತ್ತೆಗೆ ಹಿಡಿಸಿತು. ನಮ್ಮನೆಯವರು ಮುದ್ದೆ ಮುರಿಯುತ್ತಿದ್ದ ಕೈಯನ್ನು ತಟ್ಟೆಯಲ್ಲೇ ನಿಲ್ಲಿಸಿದರು.

"ಮಂಜು, ನನ್ ಕಣ್ಣಲ್ಲಿ ರೋಗ ಇದ್ರೆ ನಿಂಗೆ ಪರ್ವಾಗಿಲ್ಲ. ಅಳು ಇದ್ರೆ ನಾಚ್ಕೆ, ಅಲ್ವಾ?"

ಅವರು ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. ನಾನು ಸಾರು ಬಡಿಸುವ ನೆಪದಲ್ಲಿ ಎದ್ದೆ. ಟ್ಯಾಂಕರಿನವನಿಂದ ಹಿಡಿದು ಹೆಡ್‌ಮಾಸ್ಟರ ತನಕ ಯಾರ ಮಾತಿಗೂ ತಡವರಿಸದ ನನ್ನ ಗಂಟಲಿನಿಂದ ಆವತ್ತು ಏನೂ ಹೊರಡಲಿಲ್ಲ. ಜೋರಾಗಿ ನಗುವುದು ನನ್ನ ಹಕ್ಕು ಎಂದು ಎಷ್ಟೋ ಸಲ ಅತ್ತೆಯ ಹತ್ತಿರ ವಾದ ಮಾಡಿದ್ದೇನೆ. ಆಗೆಲ್ಲ ನನ್ನ ಪರವಾಗಿ ಮಾತಾಡಿದವರು ಇವರೊಬ್ಬರೇ. ಅವರ ಪರವಾಗಿ ನಾನು ಒಂದೇ ಒಂದು ಸಲ ಬಾಯಿ ತೆರೆದಿದ್ದೆ, ಆಗ ಬಂದದ್ದು ಕಾಯಿಲೆ.

ಭಾನುವಾರ ಮಾಕಳಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬರುತ್ತೇನೆ ಎಂದು ಅವರು ತೀರ್ಮಾನಿಸಿದರು. ಆಗ ಭಾಗ್ಯ ತನ್ನ ಗಂಟು ಬಿಚ್ಚಿದಳು. ಅಣ್ಣನನ್ನು ಕ್ರೇನಿನಿಂದ ಇಳಿಸಿದ ದಿನವೇ ಅವಳು ಲೋಕೇಶನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿಬಿಟ್ಟಿದ್ದಳಂತೆ. ಅವನು ಸಮಾಧಾನದಿಂದ ಕೇಳಿದನಂತೆ. ತನ್ನ ಅಕ್ಕನ ಮದುವೆಯಲ್ಲಿ ತಾನೂ ಬಚ್ಚಲುಮನೆಯ ನಲ್ಲಿ ಜೋರಾಗಿ ತಿರುಗಿಸಿಟ್ಟು ಒಳಗೆ ಕೂತು ಅತ್ತದ್ದಾಗಿ ಹೇಳಿದನಂತೆ. ನಮ್ಮಪ್ಪನಿಗೆ ನಾನೇ ಹೇಳುತ್ತೇನೆ ಎಂದೂ ಹೇಳಿದ್ದನಂತೆ. ಹತ್ತು ದಿನವಾಗಿತ್ತು, ಹೇಳಿರಲಿಲ್ಲ.

"ಭಾನುವಾರದ ತನಕ ನೋಡ್ತೀನಿ ಅತ್ತಿಗೆ" ಎಂದಳು ಭಾಗ್ಯ. "ಅಷ್ಟು ಹೇಳಕ್ಕೂ ಆಗ್ದೇ ಇರೋರನ್ನ ಕಟ್ಕೊಂಡು ನಾನೇನ್ ಮಾಡ್ಲಿ. ನಾನೇ ಬೇಡ ಅಂತೀನಿ."

ಹೀಗೆ ಭಾನುವಾರ ಬೈಕಿನಲ್ಲಿ ನಾವಿಬ್ಬರೂ ಹೊರಟೆವು. ತುಮಕೂರು ರಸ್ತೆಯ ಉದ್ದಕ್ಕೂ ನಾನು ಅವರ ಬೆನ್ನ ಹಿಂದೆ ಕೂತು, ಹೇಗೆ ಮಾತು ಶುರುಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೇಳಿಕೊಡುತ್ತಲೇ ಇದ್ದೆ. ಹೆಲ್ಮೆಟ್ಟಿನ ಒಳಗಿದ್ದ ಕಿವಿಗೆ ಏನು ಕೇಳಿಸಿತೋ ಗೊತ್ತಿಲ್ಲ. ಮಾಕಳಿಯಲ್ಲಿ ಅವರ ಮನೆ ಹಳೆಯ ಊರಿನ ಒಳಗೆ, ಕೆಳಗೆ ಎರಡು ಅಂಗಡಿ ಬಾಡಿಗೆಗೆ ಕೊಟ್ಟು ಮೇಲೆ ಕಟ್ಟಿಸಿಕೊಂಡದ್ದು. ಹನುಮಂತರಾಯಪ್ಪನವರು ಪೇಪರು ಮಡಿಸಿ ಪಕ್ಕಕ್ಕಿಟ್ಟು ಕುರ್ಚಿ ತೋರಿಸಿದರು. ಲೋಕೇಶ ಬಾಗಿಲಿನ ಹತ್ತಿರ ನಿಂತ. ಅವನ ತಾಯಿ ಅಡುಗೆಮನೆಯಲ್ಲಿದ್ದರು. ನೀರು ಕುಡಿದು ಲೋಟ ಕೆಳಗಿಟ್ಟ ನಮ್ಮನೆಯವರು ನಾನು ಹೇಳಿಕೊಟ್ಟ ಒಂದು ಮಾತನ್ನೂ ಬಳಸಲಿಲ್ಲ.

"ಯಜಮಾನ್ರೇ, ನನ್ ಕಣ್ಗೆ ಏನೂ ಆಗಿಲ್ಲ. ಅವತ್ತು ನಾನು ಅತ್ತಿದ್ದು" ಎಂದರು.

ಹನುಮಂತರಾಯಪ್ಪನವರು ಸ್ವಲ್ಪ ಹೊತ್ತು ಯೋಚಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬಿಡಿಸಲಾಗದ ಲೆಕ್ಕ ಎದುರಿಗೆ ಬಂದವರ ಹಾಗಿದ್ದರು. ಆಮೇಲೆ ಬಹಳ ಗಂಭೀರವಾಗಿ ಕೇಳಿದರು:

"ಯಾಕೆ? ನಮ್ ಹುಡುಗ ಚೆನ್ನಾಗೇ ಇದ್ನಲ್ಲ?"

ನಾನು ಎಷ್ಟು ತಡೆದುಕೊಂಡೆ ಎಂಬುದು ನನಗೊಬ್ಬಳಿಗೇ ಗೊತ್ತು. ಮೂರು ವಾರದಿಂದ ಒಳಗೆ ಕಟ್ಟಿಕೊಂಡಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ಬಾಯಿ ಮುಚ್ಚಿಕೊಳ್ಳಲು ಸೆರಗು ಹುಡುಕಿದೆ, ಚೂಡಿದಾರ ಹಾಕಿದ್ದೆ. ನನ್ನ ನಗು ಆ ಮನೆಯ ನಡುಮನೆ ದಾಟಿ, ಮೆಟ್ಟಿಲಿಳಿದು, ಕೆಳಗಿನ ಅಂಗಡಿಯ ತನಕ ಹೋಗಿರಬೇಕು, ಯಾರೋ ಏನಾಯ್ತು ಎಂದು ಮೇಲಕ್ಕೆ ಕೂಗಿ ಕೇಳಿದರು. ಅಡುಗೆಮನೆಯ ಬಾಗಿಲಲ್ಲಿ ಲೋಕೇಶನ ತಾಯಿ ಬಂದು ನಿಂತಿದ್ದರು. ಅವತ್ತು ನಮ್ಮ ಮನೆಯಲ್ಲಿ ಒಂದು ಮಾತೂ ಆಡದಿದ್ದ ಆ ಹೆಂಗಸು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, ಸದ್ದಿಲ್ಲದೆ, ಮೈಯೆಲ್ಲ ಕುಲುಕಿಸಿ ನಗುತ್ತಿದ್ದರು.

ಹನುಮಂತರಾಯಪ್ಪನವರು ನಮ್ಮಿಬ್ಬರನ್ನೂ ಬಿಟ್ಟು ಮಗನ ಕಡೆ ತಿರುಗಿದರು, ಇಲ್ಲಿ ಏನು ನಡೆಯುತ್ತಿದೆ ಎನ್ನುವ ಹಾಗೆ. ಲೋಕೇಶ ಒಂದು ಹೆಜ್ಜೆ ಮುಂದೆ ಬಂದ. ಅವನ ಕುತ್ತಿಗೆಯ ನರ ಎದ್ದಿತ್ತು.

"ಅಪ್ಪ, ನಂಗೆ ಇದು ಮೊದ್ಲೇ ಗೊತ್ತಿತ್ತು. ಭಾಗ್ಯ ಹೇಳಿದ್ಲು. ನಿಮ್ಗೆ ಹೇಳೋಕೆ ನಂಗೇ ಧೈರ್ಯ ಬರ್ಲಿಲ್ಲ" ಎಂದ. ಬಚ್ಚಲುಮನೆಯ ಸಂಗತಿಯನ್ನೂ ಹೇಳಿದ.

ಇದಾದ ಮೇಲೆ ಹನುಮಂತರಾಯಪ್ಪನವರು ಎದ್ದು ಬಂದು ನಮ್ಮನೆಯವರನ್ನು ಅಪ್ಪಿಕೊಂಡರು ಎಂದು ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಗಂಡಸಾದವನು ಮನಸ್ಸು ಬಿಗಿಹಿಡಿಯಬೇಕು, ಅಳುವವನ ಮಾತನ್ನು ಮನೆಯಲ್ಲಿ ಯಾರು ಕೇಳುತ್ತಾರೆ ಎಂದು ಅವರು ಕಾಲು ಗಂಟೆ ಬುದ್ಧಿ ಹೇಳಿದರು. ಹೆಣ್ಣುಮಕ್ಕಳು ಮೆಲ್ಲಗೆ ನಕ್ಕರೆ ಚೆಂದ ಎಂದು ಗೋಡೆಯನ್ನು ನೋಡಿಕೊಂಡು ಇನ್ನೊಂದು ಮಾತು ಸೇರಿಸಿದರು. ನಮ್ಮನೆಯವರು ಎಲ್ಲಕ್ಕೂ ವಿನಯದಿಂದ ತಲೆಯಾಡಿಸಿದರು. ಬುದ್ಧಿಮಾತು ಮುಗಿದ ಮೇಲೆ ಯಜಮಾನರು, ಹೇಗೂ ಕಾಯಿಲೆ ಅಲ್ಲವಲ್ಲ, ಬಿಡಿ, ದಿನ ನೋಡಿಸೋಣ ಎಂದರು. ಕಾಫಿ ತಂದುಕೊಟ್ಟ ಲೋಕೇಶನ ತಾಯಿ ಲೋಟ ನನ್ನ ಕೈಗಿಡುವಾಗ ಬಗ್ಗಿ, ಮದ್ವೆಗೆ ಬಂದಾಗಲೂ ಹಿಂಗೇ ನಗಬೇಕು ನೋಡಿ ಎಂದು ಕಿವಿಯಲ್ಲಿ ಹೇಳಿದರು.

ಭಾಗ್ಯಳ ಮದುವೆ ಯಲಹಂಕದ ಒಂದು ಛತ್ರದಲ್ಲಿ ಚೆನ್ನಾಗಿಯೇ ನಡೆಯಿತು. ಹೆಣ್ಣು ಒಪ್ಪಿಸುವಾಗ ನಮ್ಮನೆಯವರು ಕಂಬ ಹುಡುಕಲಿಲ್ಲ. ಎಲ್ಲರ ಎದುರಿಗೆ, ತಂಗಿಯ ಕೈ ಹಿಡಿದುಕೊಂಡು, ಹೊಟ್ಟೆ ತುಂಬ ಅತ್ತರು. ನಾನು ಯಾರಿಗೂ ಯಾವ ಕಾರಣವನ್ನೂ ಹೇಳಲಿಲ್ಲ. ಪಕ್ಕದಲ್ಲಿ ನಿಂತು ಅವರ ವಾಚು ಮತ್ತು ಶಲ್ಯ ಹಿಡಿದುಕೊಂಡಿದ್ದೆ. ನನ್ನೊಳಗೆ ಏನೋ ಬದಲಾಯಿತು, ನಾನೀಗ ಎಲ್ಲವನ್ನೂ ದಾಟಿದ ಹೆಂಗಸು ಎಂಬ ಒಂದು ಹೆಮ್ಮೆ ಅಲ್ಲಿಂದ ಶುರುವಾಗಿ ಬಹಳ ದಿನ ಉಳಿಯಿತು. ಸ್ಟಾಫ್ ರೂಮಿನಲ್ಲಿ ಯಾರಾದರೂ ಗಂಡಸು ಹೀಗಿರಬೇಕು, ಹೆಂಗಸು ಹಾಗಿರಬೇಕು ಎಂದು ಮಾತು ತೆಗೆದರೆ ನಾನು ಈ ಕಥೆಯನ್ನು ಹೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಹೇಳುತ್ತ ಹೇಳುತ್ತ ಕಥೆಯಲ್ಲಿ ನನ್ನ ಪಾತ್ರ ಸ್ವಲ್ಪ ಸ್ವಲ್ಪವೇ ಒಳ್ಳೆಯದಾಗುತ್ತಲೂ ಹೋಯಿತು.

ಎರಡು ವರ್ಷದ ಮೇಲೆ ಭಾಗ್ಯಳಿಗೆ ಹೆರಿಗೆಯಾಯಿತು. ಅವತ್ತು ನಮ್ಮ ಮೈದಾನದಲ್ಲೇ ಶಾಲೆಗಳ ನಡುವಿನ ಪಂದ್ಯಾಟ, ನನಗೆ ರಜೆ ಸಿಗಲಿಲ್ಲ. ಅತ್ತೆ ಮತ್ತು ನಮ್ಮನೆಯವರು ಆಸ್ಪತ್ರೆಯಲ್ಲಿದ್ದರು. ಮಧ್ಯಾಹ್ನ ಮೈದಾನದಲ್ಲಿ ನಿಂತಿದ್ದಾಗ ಭಾಗ್ಯಳೇ ಫೋನು ಮಾಡಿದಳು. ಹೆಣ್ಣುಮಗು, ಇಬ್ಬರೂ ಆರೋಗ್ಯ. ದಣಿದ ದನಿಯಲ್ಲೇ ಖುಷಿಯಿಂದ, ನರ್ಸು ಮಗುವನ್ನು ತಂದು ಕೈಗೆ ಕೊಟ್ಟ ತಕ್ಷಣ ಲೋಕೇಶ ವಾರ್ಡಿನ ನಡುವೆಯೇ ನಿಂತು ಬಿಕ್ಕಿ ಬಿಕ್ಕಿ ಅತ್ತರೆಂದೂ, ಅವರ ಅಪ್ಪ, ನರ್ಸು, ಅಕ್ಕಪಕ್ಕದ ಹಾಸಿಗೆಯವರು ಎಲ್ಲರೂ ನೋಡುತ್ತಿದ್ದರೆಂದೂ ಹೇಳಿದಳು.

"ಅಯ್ಯೋ, ಅಷ್ಟು ಜನರ ಮುಂದೆನಾ?" ಎಂದೆ. "ಯಾರಾದ್ರೂ ಆಚೆ ಕರ್ಕೊಂಡ್ ಹೋಗ್ಬಾರ್ದಿತ್ತಾ ಅವ್ರನ್ನ?"

ಭಾಗ್ಯ ನಿಧಾನವಾಗಿ, "ಅತ್ತಿಗೆ, ಫೋನ್ ಸ್ಪೀಕರಲ್ಲಿದೆ. ಎಲ್ರೂ ಇಲ್ಲೇ ಇದಾರೆ" ಎಂದಳು.

"ನಾನೂ ಇದೀನಿ ಮಂಜು" ಎಂದಿತು ನಮ್ಮನೆಯವರ ದನಿ.

ಹಲೋ, ಹಲೋ, ಏನೂ ಕೇಳಿಸುತ್ತಿಲ್ಲ, ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ನಾನು ಫೋನು ಇಟ್ಟುಬಿಟ್ಟೆ. ನಮ್ಮ ಶಾಲೆಯ ಮೈದಾನದಲ್ಲಿ ನೆಟ್‌ವರ್ಕ್ ಯಾವತ್ತೂ ಚೆನ್ನಾಗಿಯೇ ಇರುತ್ತದೆ.